ಬಾಲವೋ ಎಂಜಿನ್ನೋ

"ಬಾಲದ ಬೋಲ್ಟೇ ಕಳಚಿದ್ದು, ಅನುಮಾನವೇ ಬೇಡ," ಎಂದು ಬಾಲಣ್ಣ ಚಮಚವನ್ನು ಮೇಜಿನ ತುದಿಗೆ ಸರಿಸಿದ. ಎದುರಿನ ಕುರ್ಚಿ ಖಾಲಿಯಿತ್ತು. ಅದರಲ್ಲಿ ಕೂರುತ್ತಿದ್ದ ಎಂಜಿನಣ್ಣ ತೀರಿಕೊಂಡು ಒಂದು ತಿಂಗಳಾಗಿತ್ತು. ಆಮೇಲೆ ಬಾಲಣ್ಣ ಅವನ ಮನೆಗೆ ಬಂದ ಮೊದಲ ಭಾನುವಾರ ಇದು.

ಇಬ್ಬರೂ ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ ಒಟ್ಟಿಗೆ ದುಡಿದವರು. ಒಬ್ಬನಿಗೆ ಬಾಲದ ಕೆಲಸ, ಇನ್ನೊಬ್ಬನಿಗೆ ಎಂಜಿನ್ನಿನದು. ಅಡ್ಡಹೆಸರುಗಳೂ ಹಾಗೇ ಅಂಟಿಕೊಂಡವು. ಇಪ್ಪತ್ತಾರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಸಹಿ ಹಾಕಿ ಬಿಟ್ಟುಕೊಟ್ಟ ವಿಮಾನ, ಹಾರಿದ ಹನ್ನೊಂದನೇ ನಿಮಿಷಕ್ಕೆ ಸಮುದ್ರಕ್ಕೆ ಬಿತ್ತು. ಎಪ್ಪತ್ತೆರಡು ಜನ ಹೋದರು. ವಿಮಾನದ್ದೆಂದು ಸಿಕ್ಕಿದ್ದು ಅರ್ಧ ರೆಕ್ಕೆ ಮಾತ್ರ. ತನಿಖೆಯವರು ಕಾರಣ ತಿಳಿಯದು ಎಂದು ಬರೆದು ಕೈ ತೊಳೆದುಕೊಂಡರು. ಇವರಿಗೆ ತೊಳೆದುಕೊಳ್ಳಲಾಗಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ನಾಲ್ಕಕ್ಕೆ ಈ ಅಡುಗೆಮನೆಯ ಮೇಜಿನ ಮೇಲೆ ಆ ವಿಮಾನ ಏಳುತ್ತಿತ್ತು. ಚಮಚ ಬಾಲ, ಸಕ್ಕರೆ ಡಬ್ಬಿ ಎಂಜಿನ್. ಹಾವು ಮುಂಗುಸಿಯ ಹಾಗೆ ಕಚ್ಚಾಡುತ್ತಿದ್ದರು. ತಮಾಷೆಯೆಂದರೆ, ಒಬ್ಬನೂ ತನ್ನ ಕೆಲಸವನ್ನು ಸಮರ್ಥಿಸಿಕೊಳ್ಳುತ್ತಿರಲಿಲ್ಲ. ಬಾಲಣ್ಣ ಬಾಲವೇ ಎನ್ನುತ್ತಿದ್ದ. ಎಂಜಿನಣ್ಣ, "ಸುಮ್ನಿರೋ, ಬಾಲ ಗಟ್ಟಿಯಾಗಿತ್ತು. ನಾನು ಎಂಜಿನ್ನಿಗೆ ಹಾಕಿದ ಆಯಿಲ್ ಸೀಲೇ ಸೋರಿದ್ದು," ಎಂದು ಡಬ್ಬಿ ಕುಟ್ಟುತ್ತಿದ್ದ. ಆರು ಗಂಟೆಗೆ ಇಬ್ಬರೂ ಸೋತು, ನಗುತ್ತಾ ಏಳುತ್ತಿದ್ದರು. ಎಂಥ ಒಳ್ಳೆಯ ಭಾನುವಾರಗಳು ಅವು.

ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ. ಅಲ್ಲವೆನ್ನುವವನೇ ಇಲ್ಲದೆ ಬಾಲಣ್ಣನ ಮಾತು ಈಗ ನಿಜವಾಗಿಬಿಡುವಂತಿತ್ತು.

"ಬೋಲ್ಟ್ ಬಿಗಿ ಮಾಡಿ, ಅದು ಸಡಿಲ ಆಗದ ಹಾಗೆ ತಂತಿ ಸುತ್ತಬೇಕು ಅತ್ತಿಗೆ," ಎಂದ, ಒಲೆಯ ಬಳಿ ನಿಂತಿದ್ದ ಗೆಳೆಯನ ಹೆಂಡತಿಗೆ. "ದಿನಾ ಸುತ್ತುತ್ತಿದ್ದೆ. ಸುತ್ತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ಅದು ಅವತ್ತಿನದೋ ಹಿಂದಿನ ದಿನದ್ದೋ, ಗೊತ್ತಾಗ್ತಿಲ್ಲ." ಅವನ ಬೆರಳುಗಳು ಇಲ್ಲದ ತಂತಿಯನ್ನು ಹೊಸೆಯುತ್ತಿದ್ದವು.

ಅತ್ತಿಗೆ ಚಹಾ ಸೋಸಿ ತಂದಳು. ಗಂಡನ ಕುರ್ಚಿ ಎಳೆದು ಕೂತಳು. ಈ ಚರ್ಚೆಗೆ ಅವಳು ಕೂತದ್ದು ಇದೇ ಮೊದಲು. ಇಷ್ಟು ವರ್ಷ ಚಹಾ ಕೊಡುತ್ತಾ ಕೇಳಿಸಿಕೊಂಡದ್ದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

"ಬಾಲ ಅಲ್ಲ," ಎಂದಳು. "ಸೀಲೇ ಸೋರಿದ್ದು."

"ಅತ್ತಿಗೆ, ಅದು ಅವನು ಹಾಕಿದ ಸೀಲು."

"ಗೊತ್ತು. ನಲವತ್ತು ವರ್ಷ ಸಂಸಾರ ಮಾಡಿದೀನಿ, ಅವರ ಕೆಲಸ ನಂಗೆ ಗೊತ್ತಿಲ್ವಾ? ಅವರು ರಿಪೇರಿ ಮಾಡಿದ ನಲ್ಲಿ ಇವತ್ತಿಗೂ ಸೋರ್ತಿದೆ." ನಗಲು ಹೋದಳು, ಆಗಲಿಲ್ಲ.

ಎಪ್ಪತ್ತೆರಡು ಜನರ ಸಾವನ್ನು ಸತ್ತ ಗಂಡನ ತಲೆಗೆ ಕಟ್ಟಿ ತನ್ನನ್ನು ಬಿಡಿಸುತ್ತಿದ್ದಾಳೆ ಎಂದು ಬಾಲಣ್ಣನಿಗೆ ಅರ್ಥವಾಯಿತು. ಅವನಿಗೆ ಅದನ್ನು ಸಹಿಸಲಾಗಲಿಲ್ಲ.

"ಸುಳ್ಳು," ಎಂದು ಸಿಡುಕಿದ. "ಅವನಷ್ಟು ಅಚ್ಚುಕಟ್ಟಾಗಿ ಸೀಲ್ ಹಾಕೋನು ಇಡೀ ಹ್ಯಾಂಗರಲ್ಲಿ ಇರ್ಲಿಲ್ಲ. ಸೋರಿದ್ರೆ ಹೊಗೆ ಬರಬೇಕಿತ್ತು. ವಿಮಾನ ಬೀಳೋದನ್ನ ದೋಣಿಲಿಂದ ಕಂಡ ಮೀನುಗಾರರು ಯಾರಾದ್ರೂ ಹೊಗೆ ನೋಡಿದ್ರಾ?"

"ಅವರ ಕಣ್ಣಿಗೆ ಬಿಸಿಲು ಹೊಡೀತಿತ್ತು. ಹೊಗೆ ಹೇಗೆ ಕಾಣುತ್ತೆ?"

ಅದು ಎಂಜಿನಣ್ಣನ ಹಳೇ ಪಟ್ಟು. ಬಾಲಣ್ಣ ಚಹಾ ಪಕ್ಕಕ್ಕಿಟ್ಟು, ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಚಮಚ ಎತ್ತಿದ. ಅತ್ತಿಗೆ ಸಕ್ಕರೆ ಡಬ್ಬಿಯನ್ನು ತನ್ನ ಕಡೆಗೆ ಸರಿಸಿಕೊಂಡಳು. ಮುಚ್ಚಳ ಬಿಗಿಯಾಗಿದೆಯೇ ಎಂದು ಒಮ್ಮೆ ತಿರುಗಿಸಿ ನೋಡಿ, ಮೇಜಿಗೆ ಕುಟ್ಟಿದಳು.