ಪೆನಾಲ್ಟಿ ಹೊತ್ತಿನ ಕಿರುಬೆರಳು

ಹಬೆಯ ಸಂದಿನಲ್ಲಿ ಹಸಿರು ಕಾಣುತ್ತದೆ, ಮುಚ್ಚಿಕೊಳ್ಳುತ್ತದೆ, ಮತ್ತೆ ಕಾಣುತ್ತದೆ — ಹೋಟೆಲಿನ ಲಾಂಡ್ರಿ ಗೋಡೆಯ ಮೇಲಿನ ಟೀವಿಯಲ್ಲಿ ಫುಟ್‌ಬಾಲ್ ಮೈದಾನವೇನೋ ಇದೆ, ಅಂಗೈಯಗಲದ್ದು, ಉಳಿದದ್ದೆಲ್ಲ ಸುದ್ದಿ ವಾಹಿನಿಯವರ ಸ್ವಂತ ಆಸ್ತಿ, ಕೆಳಗೆ ಓಡುವ ಕೆಂಪು ಪಟ್ಟಿ, ಬಲಗಡೆ ಜಾಹೀರಾತು, ಮೇಲಿನ ಮೂಲೆಯಲ್ಲಿ ಕಿಟಕಿ ಕೊರೆದು ಕೂರಿಸಿದ ಟೈ ಕಟ್ಟಿದ ಪಂಡಿತ, ಚೆಂಡೆಲ್ಲಿ ಅಂದರೆ ಪಂಡಿತನ ಕಿವಿಯ ಹಿಂದೆಲ್ಲೋ ಇರಬೇಕು, ಹುಡುಕಿಕೋ — ಅವನು ಯಾರದೋ ಬಿಳಿ ಅಂಗಿಯ ಕಾಲರನ್ನು ಹಲಗೆಯ ಮೇಲೆ ನೇರ ಮಾಡಿ ಪೆಡಲ್ ತುಳಿದ, ಇಸ್ತ್ರಿ ಪ್ರೆಸ್ಸಿನ ಮೇಲ್ದವಡೆ ಇಳಿದು ಬುಸ್ಸೆಂದಿತು, ಹಸಿರು ಮತ್ತೆ ಮಾಯ. ಹಬೆ ಸರಿಯುವಷ್ಟರಲ್ಲಿ ಕ್ಯಾಮೆರಾ ಆಟ ಬಿಟ್ಟು ಮೇಲೆ ಹೋಗಿದೆ, ಮತ್ತದೇ ಗಾಜಿನ ಪೆಟ್ಟಿಗೆ, ಗ್ಯಾಲರಿಯ ನೆತ್ತಿಯ ಮೇಲೆ ಕೂತ ಬ್ಯಾಂಕಿನವರ ಖಾಸಗಿ ಕೋಣೆ, ಮೆತ್ತನೆ ಕುರ್ಚಿ, ತಂಪು ಗಾಳಿ, ಆಟ ನೋಡಲು ಬಂದವರಿಗೆ ಗಾಜು ಯಾಕೆ ಬೇಕು, ಚೆಂಡಿಗೆ ಹೆದರುತ್ತಾರೋ ನಮ್ಮ ಬೆವರಿನ ವಾಸನೆಗೋ — ಅಲ್ಲೇ ಮುಂದಿನ ಸಾಲಿನಲ್ಲಿ ಅವನ ಮಗಳು ಕೂತಿದ್ದಾಳೆ, ಕತ್ತಿನವರೆಗೂ ಜಿಪ್ ಎಳೆದ ಬೂದು ಸ್ವೆಟರಿನಲ್ಲಿ, ಷಡ್ಡಕನ ಪಕ್ಕದಲ್ಲಿ, ನಗುತ್ತ. ಏನು ಹೇಳಿದನೋ ನಗುವಂಥದ್ದು. ಹತ್ತು ಜನರ ಮಾತಿನ ನಡುವೆ ಷಡ್ಡಕನ ಜೋಕಿಗೆ ನಕ್ಕದ್ದು ಅವನ ಹೆಂಡತಿ ಒಬ್ಬಳೇ, ಅದೂ ಮದುವೆಯಾದ ಹೊಸದರಲ್ಲಿ.

ಹೊಟ್ಟೆಕಿಚ್ಚಲ್ಲ, ಅವನಿಗೆ ಯಾವ ಹೊಟ್ಟೆಕಿಚ್ಚೂ ಇಲ್ಲ, ಇದು ತತ್ತ್ವದ ಪ್ರಶ್ನೆ. ಈ ಭಾನುವಾರ ಇವನ ಸರದಿಯೇ ಅಲ್ಲ, ಇನ್ನೊಬ್ಬ ಇಸ್ತ್ರಿಯವನು ಸೊಂಟ ಹಿಡಿದುಕೊಂಡು ಮಲಗಿದ, ಹೋಟೆಲಿನಲ್ಲಿ ಯಾವುದೋ ಸಮ್ಮೇಳನ, ಮ್ಯಾನೇಜರು ಫೋನು ಮಾಡಿ ನೀನಿಲ್ಲದಿದ್ರೆ ನಡೆಯಲ್ಲಪ್ಪ ಅಂದ, ನಡೆಯಲ್ಲ ಅಂದವರಿಗೆ ಆಗಲ್ಲ ಅನ್ನುವುದು ಇವನ ಜಾತಕದಲ್ಲಿ ಬರೆದಿಲ್ಲ, ಅಷ್ಟು ಸಾಕಾಯಿತು, ಹೆಂಡತಿಯ ತಂಗಿಯ ಗಂಡ ಬಾಗಿಲಲ್ಲಿ ಪ್ರತ್ಯಕ್ಷ. ಅಯ್ಯೋ ಬಿಡಿ ಭಾವ, ನಾನು ಕರ್ಕೊಂಡು ಹೋಗ್ತೀನಿ ಮಗೂನ, ನಮ್ಮ ಬಾಕ್ಸಲ್ಲಿ ಬಿಸಿಲಿಲ್ಲ ಧೂಳಿಲ್ಲ. ನಮ್ಮ ಬಾಕ್ಸು! ಬ್ಯಾಂಕು ಷಡ್ಡಕನ ತಾತನದು ನೋಡು, ಶಾಖೆಯ ಮ್ಯಾನೇಜರು ಅಷ್ಟೇ, ಕೌಂಟರಿನಲ್ಲಿ ಪೆನ್ನಿಗೆ ದಾರ ಕಟ್ಟಿ ಇಟ್ಟುಕೊಂಡಿರುವ ಜನ, ಒಂದು ಪೆನ್ನಿಗೆ ನಮ್ಮನ್ನು ನಂಬದವರು, ಅವರ ಕೈಗೆ ಊರಿನ ಕ್ಲಬ್ಬನ್ನೇ ಕೊಟ್ಟುಬಿಟ್ಟರು, ಮೊದಲು ಅಂಗಿಯ ಎದೆಯ ಮೇಲೆ ಹೆಸರು, ಆಮೇಲೆ ಮೈದಾನದ ಬಾಗಿಲ ಮೇಲೆ ಹೆಸರು, ನಾಳೆ ಚೆಂಡಿಗೂ ದಾರ ಕಟ್ಟುತ್ತಾರೆ, ನೋಡುತ್ತಿರಿ. ಅಷ್ಟಕ್ಕೆ ನಿಲ್ಲಿಸಲಿಲ್ಲ ಷಡ್ಡಕ, ಚಹಾ ಕುಡಿಯುತ್ತ, ಬಿಸ್ಕತ್ತು ಅದ್ದಿಕೊಳ್ಳುತ್ತ, ಮುಂದಿನ ಸೀಸನ್ ಪೂರ್ತಿ ನಮ್ಮ ಜೊತೇನೇ ಬಾ ಪುಟ್ಟಿ, ಒಂದು ಕುರ್ಚಿ ನಿಂಗೇ ಅಂತ ಹೇಳಿಟ್ಟಿದೀನಿ, ಸಂಜೆ ಬಂದು ಅಪ್ಪನ್ಹತ್ರ ಹೇಳು ಏನು ಅಂತ. ಅವಳು ತಲೆ ಎತ್ತಿ ಇವನನ್ನು ನೋಡಲಿಲ್ಲ, ಶೂ ಲೇಸು ಕಟ್ಟುತ್ತ ನೋಡ್ತೀನಿ ಚಿಕ್ಕಪ್ಪ ಅಂದಳು. ನೋಡ್ತೀನಿ. ಬೇಡ ಅನ್ನಲಿಲ್ಲ. ಇವನು ಶನಿವಾರ ರಾತ್ರಿ ನಾಳೆ ಹೋಗೋಣ್ವಾ ಅಂದರೆ ಮಾತು ಮುಗಿಯುವ ಮುಂಚೆ ಹೂಂ ಅನ್ನುತ್ತಿದ್ದವಳು, ನೋಡ್ತೀನಿ ಅನ್ನುವ ಪದ ಎಲ್ಲಿಂದ ಕಲಿತಳು, ಅದು ಬ್ಯಾಂಕಿನವರ ಪದ, ಕೌಂಟರಿನ ಹಿಂದಿನಿಂದ ಬರುವ ಪದ. ಚಿಕ್ಕಪ್ಪನಂತೆ, ಹೆಸರಿನೊಳಗೇ ಒಬ್ಬ ಅಪ್ಪನನ್ನು ಇಟ್ಟುಕೊಂಡು ಓಡಾಡುತ್ತಾನೆ, ಸಾಲದು ಎಂಬಂತೆ.

ರೀ, ಬಟ್ಟೆ ಕಡೆ ನೋಡಿ, ಅಂದಳು ಎದುರಿನ ಮೇಜಿನಲ್ಲಿ ಹಾಸಿಗೆ ಬಟ್ಟೆ ಮಡಿಸುವ ಅಕ್ಕ, ಪ್ರೆಸ್ಸಿಗಿಂತ ಜಾಸ್ತಿ ಹಬೆ ನಿಮ್ಮ ಮೂಗಿಂದ ಬರ್ತಾ ಇದೆ. ಅಕ್ಕನಿಗೆ ಆಟ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ, ಅರ್ಧ ಆಟ ಮುಗಿದ ಮೇಲೆ ಎರಡೂ ಕಡೆಯವರು ಜಾಗ ಬದಲಾಯಿಸಿದಾಗ ಯಾಕ್ರೀ ಇವರು ಉಲ್ಟಾ ಓಡ್ತಾ ಇದಾರೆ, ದಾರಿ ತಪ್ಪಿದ್ರಾ ಅಂದವಳು, ನಗಬೇಕಿತ್ತು, ನಗು ಬರಲಿಲ್ಲ. ಇನ್ನೊಂದು ಅಂಗಿ, ತೋಳು, ಕಫ್, ಬುಸ್. ಪೂರ್ವದ ಗ್ಯಾಲರಿಯಲ್ಲಿ ಈಗ ಬಿಸಿಲು ನೇರ ಕಣ್ಣಿಗೆ, ಸಿಮೆಂಟಿನ ಮೆಟ್ಟಿಲು ಕಾವಲಿಯ ಹಾಗೆ, ಅಪ್ಪ ಮಗಳು ಯಾವಾಗಲೂ ಕೂರುವ ಜಾಗ ಖಾಲಿ, ಇಲ್ಲ, ಹಿಂದಿನ ಮೆಟ್ಟಿಲಲ್ಲಿ ಕೂತು ಶಿಳ್ಳೆ ಹೊಡೆಯುವ ಶಿಳ್ಳೆ ತಾತ ಕಾಲು ಚಾಚಿಕೊಂಡಿರುತ್ತಾನೆ ಅಲ್ಲಿ, ಎಲ್ಲಿ ಅಪ್ಪ ಮಗಳು ಅಂತ ಸುತ್ತಲಿನವರನ್ನು ಕೇಳುತ್ತಿರುತ್ತಾನೆ, ಪೆನಾಲ್ಟಿ ಸಿಕ್ಕರೆ ಏನು ಮಾಡುವುದು ಅಂತ ಚಿಂತೆ ಅವನಿಗೆ. ಮೊದಲ ಸಲ ಕರೆದುಕೊಂಡು ಹೋದಾಗ ಅವಳ ಕೈ ಎಷ್ಟು ಚಿಕ್ಕದು, ಅಪ್ಪನ ಕೈ ಪೂರ್ತಿ ಹಿಡಿಯಲಾರದೆ ಕಿರುಬೆರಳೊಂದನ್ನೇ ಬಾಳೆಹಣ್ಣಿನ ತೊಟ್ಟು ಹಿಡಿದ ಹಾಗೆ ಹಿಡಿದಿದ್ದಳು, ಪೆನಾಲ್ಟಿ ಸಿಕ್ಕಿತು, ಸಾವಿರಾರು ಜನ ಒಮ್ಮೆಲೇ ಮಾತು ನಿಲ್ಲಿಸಿದರು, ಗಲಾಟೆಗೆ ಹೆದರದ ಮಗು ಆ ಮೌನಕ್ಕೆ ಹೆದರಿ ಮೈದಾನಕ್ಕೆ ಬೆನ್ನು ಹಾಕಿ ತಿರುಗಿತು, ಬೆರಳು ಬಿಡಲಿಲ್ಲ, ಇವನೂ ತಿರುಗಬೇಕಾಯಿತು, ಏನಿಲ್ಲ ಪುಟ್ಟಿ ಏನಿಲ್ಲ ಅನ್ನುತ್ತಿರುವಾಗಲೇ ಬೆನ್ನ ಹಿಂದೆ ಆಕಾಶ ಹರಿದುಬಿದ್ದ ಹಾಗೆ ಸದ್ದು — ಗೋಲು. ಅಂದಿನಿಂದ ಅದೇ ಪದ್ಧತಿ, ಪೆನಾಲ್ಟಿ ಅಂದರೆ ಇಬ್ಬರೂ ಬೆನ್ನು ತಿರುಗಿಸಬೇಕು, ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕಬೇಕು, ನೋಡಬಾರದು, ನೋಡಿದರೆ ಹೋಯಿತು, ಶಿಳ್ಳೆ ತಾತ ಕೂಗುತ್ತಿದ್ದ, ತಿರುಗಿದ್ರಪ್ಪೋ ಅಪ್ಪ ಮಗಳು, ಇನ್ನು ಗೋಲ್‌ಕೀಪರ್ ಮನೆಗೆ ಹೋಗ್ಬೋದು. ಈಗ ಅವಳ ಕೈ ದೊಡ್ಡದಾಗಿದೆ, ಪೂರ್ತಿ ಕೈ ಹಿಡಿಯಬಹುದು, ಹಿಡಿಯುವುದಿಲ್ಲ, ರಸ್ತೆ ದಾಟುವಾಗ ಕೂಡ ಬಿಡಪ್ಪಾ ನಾನೇನು ಮಗೂನಾ ಅನ್ನುತ್ತಾಳೆ, ಆ ಕಿರುಬೆರಳು ಒಂದೇ ಉಳಿದಿರುವುದು, ಅದೂ ಪೆನಾಲ್ಟಿ ಸಿಕ್ಕಿದರೆ ಮಾತ್ರ, ಅದಕ್ಕೇ ಅವನು ಎದುರಾಳಿಗಳು ಗೋಲಿನ ಮುಂದಿನ ಪೆಟ್ಟಿಗೆಯೊಳಗೆ ಯಾರನ್ನಾದರೂ ಕೆಡವಲಿ ಎಂದು ದೇವರಲ್ಲಿ ಬೇಡಿಕೊಳ್ಳುವುದು, ಗೋಲಿಗಾಗಿ ಅಲ್ಲ, ಇದನ್ನು ಯಾವ ವರದಿಗಾರನಿಗೆ ಹೇಳುವುದು.

ವರದಿಗಾರ ಅಂದರೆ ನೆನಪಾಗುತ್ತದೆ, ಮೈ ಉರಿಯುತ್ತದೆ. ಇದೇ ವಾಹಿನಿ, ಇದೇ ಕೆಂಪು ಪಟ್ಟಿ. ಮೈದಾನದ ಬಾಗಿಲಲ್ಲಿ ಮೈಕು ಹಿಡಿದ ಹುಡುಗಿ, ಸಾರ್ ಅಭಿಮಾನಿಗಳ ಅಭಿಪ್ರಾಯ ಅಂದಳು, ಸಾರ್ ಅಂದಳಲ್ಲ, ಅಷ್ಟಕ್ಕೇ ಕರಗಿಹೋದ, ಮರ್ಯಾದೆಯಿಂದ ಶುರುಮಾಡೋಣ ಎಂದು ಬ್ಯಾಂಕ್ ಬಂದದ್ದು ಒಳ್ಳೇದೇ, ಆದರೆ — ಎಂದು ಹಿಡಿದುಕೊಂಡವನು ಮೈಕಿನವಳ ಕೈ ಸೋಲುವವರೆಗೂ ಮಾತಾಡಿದ, ಹೆಸರು ಬದಲಾಯಿಸಿದ್ದು, ಸಾಕ್ಸಿನ ಬಣ್ಣ ಬದಲಾಯಿಸಿದ್ದು, ದಾರ ಕಟ್ಟಿದ ಪೆನ್ನು, ಎಲ್ಲ. ಸಂಜೆ ಮನೆಯವರನ್ನೆಲ್ಲ ಟೀವಿ ಮುಂದೆ ಕೂರಿಸಿದರೆ, ಬ್ಯಾಂಕ್ ಬಂದದ್ದು ಒಳ್ಳೇದೇ, ಎಂದು ಅವನ ಬಾಯಿ ಹೇಳಿತು, ಅಷ್ಟೇ, ಕತ್ತರಿ, ಮುಂದೆ ಬಿಸ್ಕತ್ತಿನ ಜಾಹೀರಾತು. ಆದರೆ ಎಲ್ಲಿ? ಇಡೀ ಮಾತಿನ ಜೀವ ಆ ಆದರೆಯಲ್ಲಿತ್ತು, ಅದನ್ನೇ ನುಂಗಿದರು. ಮರುಕ್ಷಣ ಷಡ್ಡಕನ ಫೋನು, ಭಾವ, ನೀವೂ ನಮ್ಮ ಕಡೆ ಅಂತ ಗೊತ್ತೇ ಇರ್ಲಿಲ್ಲ, ನಮ್ಮ ರೀಜನಲ್ ಮ್ಯಾನೇಜರು ಕೂಡ ನೋಡಿದ್ರು, ಯಾರಪ್ಪ ಇಷ್ಟು ಚೆನ್ನಾಗಿ ಮಾತಾಡೋರು ಅಂದ್ರು. ಮಗಳು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು, ಅಪ್ಪಾ ನೀನು ಬ್ಯಾಂಕ್ ಅಂಕಲ್, ಬ್ಯಾಂಕ್ ಅಂಕಲ್. ಅವಳೇನೋ ತಮಾಷೆಗೆ ಅಂದದ್ದು. ಅವನಿಗೆ ಚುಚ್ಚಿಕೊಂಡಿತು.

ಚುಚ್ಚಿಕೊಂಡದ್ದಕ್ಕೇ ಆ ಅಂಗಿಯ ಕಥೆ ನಡೆದದ್ದು, ಇಲ್ಲದಿದ್ದರೆ ಅವನೇಕೆ ಅವಳ ಕ್ಲಬ್ ಅಂಗಿಗೆ ಕೈ ಹಚ್ಚುತ್ತಿದ್ದ. ಎದೆಯ ಮೇಲಿನ ಬ್ಯಾಂಕಿನ ಹೆಸರು ಅಂಟಿಸಿದ್ದು, ಹೊಲಿದದ್ದಲ್ಲ, ಬಿಸಿಗೆ ಅಂಟಿದ್ದು ಬಿಸಿಗೇ ಬಿಡುತ್ತದೆ, ಇಷ್ಟು ವರ್ಷ ಹಬೆಯಲ್ಲಿ ಬೆಂದವನಿಗೆ ಅದನ್ನು ಯಾರೂ ಕಲಿಸಬೇಕಿಲ್ಲ, ಊಟದ ಬಿಡುವಿನಲ್ಲಿ ಪ್ರೆಸ್ಸಿನ ಮೇಲೆ ಹರವಿ, ಮೇಲ್ದವಡೆ ಇಳಿಸಿ, ಹದ ನೋಡಿ, ಚಿಮಟದಿಂದ ಒಂದೊಂದೇ ಅಕ್ಷರ ಎಳೆದ, ಎಷ್ಟು ಚೆನ್ನಾಗಿ ಬಂದವು, ಹಾವು ಪೊರೆ ಬಿಟ್ಟ ಹಾಗೆ, ಪ್ರತಿ ಅಕ್ಷರಕ್ಕೂ ಷಡ್ಡಕನ ಮೀಸೆಯ ಒಂದೊಂದು ಕೂದಲು ಕಿತ್ತ ಸುಖ, ಆ ಸುಖದಲ್ಲಿ ನಡುವೆ ಹಲಗೆ ಇಡುವುದು ಮರೆತ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇವನೇ ಹೇಳಿಕೊಡುವ ಮೊದಲ ಪಾಠ ಅದು, ಅಂಗಿಗೆ ಎರಡು ಮೈ, ನಡುವೆ ಹಲಗೆ ಇಡಪ್ಪಾ. ಎತ್ತಿ ನೋಡಿದರೆ ಬೆನ್ನಿನ ಮೇಲಿದ್ದ ಏಳರ ಅಂಕಿ ಕೆಳಗಿನ ಮೆತ್ತೆಗೆ ಅಂಟಿ ಅರ್ಧ ಅಲ್ಲೇ ಉಳಿದಿತ್ತು, ಏಳರ ಕಾಲೇ ಇಲ್ಲ, ಮೇಲಿನ ಅಡ್ಡಗೆರೆ ಮಾತ್ರ, ಕಾಲಿದ್ದ ಕಡೆ ಕಂದು ಕಲೆ. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು, ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು, ಅಪ್ಪಾ, ನಿಂಗೆ ಚಿಕ್ಕಪ್ಪನ ಮೇಲೆ ಸಿಟ್ಟಾ ನನ್ನ ಮೇಲಾ, ಅಂದಳು. ಬ್ಯಾಂಕಿನ ಮೇಲೆ ಕಣೇ, ಅಂದ ಇವನು. ಮಾರನೇ ವಾರವೇ ಷಡ್ಡಕ ಹೊಳೆಯುವ ಚೀಲದಲ್ಲಿ ಹೊಸ ಅಂಗಿ ತಂದ, ಹೆಸರು ಇನ್ನೂ ದೊಡ್ಡದು, ಹೊಳಪಿನದು, ಹೊಲಿದದ್ದು. ಇವತ್ತು ಬೆಳಿಗ್ಗೆ ಸ್ವೆಟರಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು ಹೊರಟಳಲ್ಲ, ಒಳಗೆ ಅದೇ ಇದೆ, ಗೊತ್ತು, ಅಪ್ಪನಿಗೆ ಕಾಣಬಾರದು ಎಂಬ ಕನಿಕರ, ಕನಿಕರ ಇನ್ನೂ ಕೆಟ್ಟದ್ದು.

ಏನೋ ಆಯ್ತು ನೋಡಿ, ಎಲ್ಲಾ ಕೈ ಎತ್ತಿದಾರೆ, ಅಂದಳು ಅಕ್ಕ. ಹಬೆ ಸರಿಯಿತು. ನಮ್ಮ ಮುಂಪಡೆ ಆಟಗಾರ ಪೆಟ್ಟಿಗೆಯೊಳಗೆ ನೆಲದ ಮೇಲೆ, ರೆಫರಿಯ ಕೈ ಚುಕ್ಕೆಯ ಕಡೆ — ಪೆನಾಲ್ಟಿ. ಪಂಡಿತ ಮೂಲೆಯ ಕಿಟಕಿಯಿಂದ ಕಿರುಚುತ್ತಿದ್ದಾನೆ, ಕೆಂಪು ಪಟ್ಟಿಯಲ್ಲಿ ಬ್ಯಾಂಕಿನ ಹೊಸ ಶಾಖೆಯ ಉದ್ಘಾಟನೆ ಓಡುತ್ತಿದೆ, ಅದು ಸುದ್ದಿಯಂತೆ, ಇವನು ಅಂಗಿಯನ್ನು ಹಲಗೆಯ ಮೇಲೆ ಎಳೆದು ಪೆಡಲ್ ತುಳಿದ, ಕಾಲು ಅಲ್ಲೇ, ಮೈ ತಾನಾಗಿ ತಿರುಗತೊಡಗಿತು, ಬಲಗೈಯ ಕಿರುಬೆರಳು ತಾನಾಗಿ ಮಡಚಿಕೊಂಡಿತು, ಗೋಡೆಯ ಕಡೆ, ಸೋಪಿನ ಡಬ್ಬಗಳ ಕಡೆ, ನೋಡಬಾರದು, ನೋಡಿದರೆ ಹೋಯಿತು — ಅಷ್ಟರಲ್ಲಿ ಕ್ಯಾಮೆರಾ ಮೇಲಕ್ಕೆ ಹೊರಟದ್ದು ಕಣ್ಣಂಚಿಗೆ ಬಿತ್ತು, ಗಾಜಿನ ಪೆಟ್ಟಿಗೆ, ಅವಳು ತಿರುಗುತ್ತಾಳೋ ಇಲ್ಲವೋ, ಒಂದೇ ಸಲ, ಅವಳನ್ನಷ್ಟೇ, ಚೆಂಡನ್ನಲ್ಲ, ಅವಳನ್ನು ನೋಡಿದರೆ ಪದ್ಧತಿ ಮುರಿದ ಹಾಗಲ್ಲ — ಅರ್ಧ ತಿರುಗಿದವನು ನಿಂತ, ನೋಡಿದ. ಗಾಜಿನ ಹಿಂದೆ ಸಾಲಾಗಿ ಮುಖಗಳು, ಬಾಯಿ ತೆರೆದ ಮುಖಗಳು, ನಡುವೆ ಬೆನ್ನು, ಚಿಕ್ಕ ಬೆನ್ನು, ಸ್ವೆಟರು ಕಳಚಿ ಸೊಂಟಕ್ಕೆ ಕಟ್ಟಿಕೊಂಡಿದ್ದಾಳೆ, ಬೆನ್ನಿನ ಮೇಲೆ ಒಂದು ಅಡ್ಡಗೆರೆ, ಕೆಳಗೆ ಕಾಲಿಲ್ಲದ ಏಳು, ಕಂದು ಕಲೆ, ಇವನ ಕೈ ಕೆಲಸ, ಬ್ಯಾಂಕಿನವರ ನಟ್ಟನಡುವೆ, ಇಡೀ ಊರಿಗೆ ಕಾಣುವ ಹಾಗೆ, ಅದನ್ನೇ ಹಾಕಿಕೊಂಡು ಹೋಗಿದ್ದಾಳೆ, ಹೊಳೆಯುವ ಚೀಲದ ಹೊಸ ಅಂಗಿ ಮುಟ್ಟಲೂ ಇಲ್ಲ, ಪುಟ್ಟಿ, ನನ್ನ ಪುಟ್ಟಿ, ಆದರೆ — ಪಕ್ಕದಲ್ಲಿ ಇನ್ನೊಂದು ಬೆನ್ನು. ದೊಡ್ಡ ಬೆನ್ನು, ಕೋಟು ತೊಟ್ಟ ಬೆನ್ನು, ಬೋಳು ನೆತ್ತಿಯ ಹಿಂಭಾಗ. ಅವನೂ ತಿರುಗಿದ್ದಾನೆ. ಹೇಳಿಕೊಟ್ಟಿದ್ದಾಳೆ. ತಿರುಗಿ ಚಿಕ್ಕಪ್ಪ, ನೋಡ್ಬಾರ್ದು, ಅಂದಿರುತ್ತಾಳೆ, ಅವನು ಹೌದಾ ಪುಟ್ಟಿ ಅಂದಿರುತ್ತಾನೆ, ಎಷ್ಟು ಸುಲಭಕ್ಕೆ, ಎಷ್ಟು ಬೇಗ, ಆಮೇಲೆ ಏನು ಹೇಳಿಕೊಟ್ಟಳು, ಬರೀ ಬೆನ್ನು ತಿರುಗಿಸುವುದಕ್ಕೇ ನಿಲ್ಲಿಸಿದಳೋ, ಬೆರಳನ್ನೂ ಕೊಟ್ಟಳೋ, ಕೈ ಎಲ್ಲಿದೆ ಅವಳದು, ಭುಜ ಕಾಣುತ್ತದೆ, ಮೊಣಕೈ ಕಾಣುತ್ತದೆ, ಮೊಣಕೈ ಅವನ ಕಡೆಗೆ ಬಾಗಿದೆ, ಅದರ ಕೆಳಗೆ ಕೆಂಪು ಪಟ್ಟಿ, ಶುಭಾರಂಭ ಶುಭಾರಂಭ ಎಂದು ಓಡುತ್ತಲೇ ಇದೆ, ಸರಿಯಲಿ, ಒಂದು ಕ್ಷಣ ಸರಿಯಲಿ — ದೂರದಲ್ಲೆಲ್ಲೋ ಆಕಾಶ ಹರಿಯಿತು, ಗೋಲಿಗೋ, ತಪ್ಪಿದ್ದಕ್ಕೋ, ಅಕ್ಕ ಹೋಯ್ತಾ ಒಳಗೆ ಅನ್ನುತ್ತಿದ್ದಾಳೆ, ಆಮೇಲೆ ರೀ ಅನ್ನುತ್ತಿದ್ದಾಳೆ, ರೀ ಸುಟ್ಟ ವಾಸನೆ, ಪೆಡಲ್ ಬಿಡ್ರೀ, ಪೆಡಲ್ ಬಿಡ್ರೀ — ಕೆಂಪು ಪಟ್ಟಿ, ಅದರ ಕೆಳಗೆ, ಕಾಣದ ಕಡೆ, ಒಂದು ಕಿರುಬೆರಳು, ಮಡಚಿದ್ದು, ಕಿರುಬೆರಳು.