ನಡುಹಗಲಿನ ನೆರಳು

ಅವರು ನಡೆಯುತ್ತಿದ್ದುದೇ ಹಿಂದುಹಿಂದಕ್ಕೆ. ಚಿತ್ರಕಾರರು ಕ್ಯಾನ್ವಾಸಿನಿಂದ ನಾಲ್ಕು ಹೆಜ್ಜೆ ಸರಿದು ಕಣ್ಣು ಕಿರಿದು ಮಾಡಿ ನೋಡುತ್ತಾರಲ್ಲ, ಆ ಅಭ್ಯಾಸ ಬೀದಿಗೂ ಬಂದು, ಒಂದು ಮರವೋ ಮಾಳಿಗೆಯೋ ಮನಸ್ಸಿಗೆ ಹಿಡಿಸಿತೆಂದರೆ ಸಾಕು, ಅದನ್ನೇ ದಿಟ್ಟಿಸುತ್ತ, ಹಾಲಿನ ಗಾಡಿಗೋ ಯಾರದೋ ಅತ್ತೆಗೋ ಡಿಕ್ಕಿ ಹೊಡೆಯುವವರೆಗೆ ಹಿಮ್ಮುಖವಾಗಿ ಸಾಗುತ್ತಿದ್ದರು. ಬೀದಿಯ ಮಕ್ಕಳು ಇಟ್ಟ ಹೆಸರು ರಿವರ್ಸ್ ಮಾಮ.

ಭೂಮಧ್ಯರೇಖೆಯ ಆಚೆಯ ದೂರದೇಶದಿಂದ ಬಂದು ಇಪ್ಪತ್ತು ವರ್ಷ ನಮ್ಮ ಅಂಗಡಿಗಳ ಬೋರ್ಡು ಬರೆದವರು. ಭಾನುವಾರಗಳನ್ನೆಲ್ಲ ನಮ್ಮ ಗುಡ್ಡ, ಕಾಲುವೆ, ಚೌಕಗಳಿಗೆ ಒಪ್ಪಿಸಿದವರು. ಕಡೆಗೊಮ್ಮೆ ನಗರಸಭೆ ಕಣ್ಣು ಬಿಟ್ಟು, ಸಭಾಂಗಣದ ದೊಡ್ಡ ಗೋಡೆಗೆ ಅವರ ಗಡಿಯಾರ ಗೋಪುರದ ಚಿತ್ರವನ್ನು ಆರಿಸಿತು. ಸಮಿತಿಯ ಏಳು ಮಹನೀಯರು, ಏಳೂ ಜನ ಇಲ್ಲೇ ಹುಟ್ಟಿದವರು, ‘ಆಹಾ, ನಮ್ಮೂರೇ ಎದ್ದು ಬಂದ ಹಾಗಿದೆ’ ಎಂದು ತಲೆದೂಗಿದರು.

ಅನಾವರಣಕ್ಕೆ ಎರಡು ದಿನವಿತ್ತು. ಗೋಪುರದ ಬುಡದಲ್ಲಿ ಕೊಡೆ ರಿಪೇರಿ ಮಾಡುವ ಅಜ್ಜಿಯೂ ಚಿತ್ರದೊಳಗಿದ್ದರಿಂದ, ಆಕೆಗೆ ತೋರಿಸಲೆಂದು ಹೊತ್ತು ತಂದೆವು. ಒಂದು ತುದಿ ಹಿಡಿದವನು ನಾನೇ.

“ಗಡಿಯಾರದಲ್ಲಿ ಹನ್ನೆರಡು ಗಂಟೆ ತೋರಿಸಿದೀಯ. ಹನ್ನೆರಡಕ್ಕೆ ನೆರಳು ಗೋಪುರದ ಆ ಕಡೆ ಇರುತ್ತಲ್ಲಪ್ಪ! ನೀನು ಕೂರಿಸಿರೋ ಕಡೆ ಕೂತ್ರೆ ನಾನು ಸೀದು ಹೋಗ್ತೀನಿ.”

ಅವರು ಬೆಚ್ಚಿದರು. ರೇಖೆಗಳನ್ನು ಬೆಳಿಗ್ಗೆ ಇಲ್ಲೇ ನಿಂತು ಎಳೆದಿದ್ದರೂ ಬೆಳಕು ತುಂಬಿದ್ದು ಮನೆಯಲ್ಲಿ. ಅವರು ಹುಟ್ಟಿದ ನಾಡಿನಲ್ಲಿ ನಡುಹಗಲ ಸೂರ್ಯ ಉತ್ತರಕ್ಕೆ ವಾಲುತ್ತಾನೆ, ಇಲ್ಲಿ ವರ್ಷದ ಬಹುಪಾಲು ದಕ್ಷಿಣಕ್ಕೆ. ಬಾಲ್ಯದಲ್ಲಿ ಪಳಗಿದ ಕೈ ಹೇಳದೆ ಕೇಳದೆ ಅಲ್ಲಿಯ ನೆರಳನ್ನೇ ತಂದು ಇಲ್ಲಿ ಹಾಸಿತ್ತು.

“ಅಜ್ಜೀ, ನೀವೇ ಗುರು!” ಎಂದು ಕೂಗಿ ಅಲ್ಲೇ ಬಣ್ಣದ ಪೆಟ್ಟಿಗೆ ಬಿಚ್ಚಿದರು.

ಎಣ್ಣೆಬಣ್ಣ ಒಣಗಲು ವಾರ ಬೇಕು. ಸಮಿತಿಯ ಕಾರ್ಯದರ್ಶಿ ಏದುಸಿರು ಬಿಡುತ್ತ ಓಡಿ ಬಂದ.

“ನೆರಳನ್ನ ಯಾರ್ರೀ ನೋಡ್ತಾರೆ? ಈಗ ಮುಟ್ಟಿದ್ರೆ ಗೋಡೆ ಬೇರೆಯವರಿಗೆ ಹೋಗುತ್ತೆ, ನೋಡ್ಕೊಳ್ಳಿ!”

“ಇವ್ರು ನೋಡಿದ್ರಲ್ಲ ಸ್ವಾಮಿ,” ಎಂದರು, ಅಜ್ಜಿಯತ್ತ ಕುಂಚ ಚಾಚಿ.

“ಇಪ್ಪತ್ತು ವರ್ಷ ಕಾದ ಗೋಡೆ ರೀ ಅದು!” ಎಂದು ಹರಿಹಾಯ್ದ, ಜೊತೆಗೇ ಬಂದಿದ್ದ ಅವರ ಹೆಂಡತಿ, ಮರುಗಳಿಗೆ ತಾವೇ ಕ್ಯಾನ್ವಾಸು ಅಲುಗದಂತೆ ಹಿಡಿದು ನಿಂತರು.

ಗೋಡೆ ಹೋಯಿತು. ಆದರೆ ಆ ಮಧ್ಯಾಹ್ನ! ನೆರಳು ಜಾರಿಹೋಗುವ ಮೊದಲೇ ಹಿಡಿಯಬೇಕೆಂದು ಕುಂಚ ಓಡಿತು. ಬಸ್ಸಿಗೆ ಕಾದವರು ಬಸ್ಸು ಬಿಟ್ಟು ನಿಂತರು. ಎಷ್ಟೋ ಮಂದಿ ಹುಟ್ಟಿದ ಮೇಲೆ ಮೊದಲ ಸಲ ಆ ಗೋಪುರವನ್ನು ತಲೆಯೆತ್ತಿ ನೋಡಿದರು.

ಹುಟ್ಟೂರನ್ನು ನಾವು ನೋಡುವುದಿಲ್ಲ, ಅದು ಇದೆಯೆಂದು ನಂಬಿರುತ್ತೇವೆ, ಅಷ್ಟೆ. ಬಂದು ಸೇರಿದವರಿಗೆ ಆ ಸೋಮಾರಿತನದ ಸೌಭಾಗ್ಯವಿಲ್ಲ. ಅವರು ತಪ್ಪಾಗಿಯಾದರೂ ನೋಡುತ್ತಾರೆ, ತಪ್ಪೆಂದು ತಿಳಿದರೆ ಕೈಗೆ ಬಂದದ್ದನ್ನೂ ಬಿಟ್ಟು ಮತ್ತೆ ನೋಡುತ್ತಾರೆ. ಊರು ಯಾರದು ಎಂದು ಗದರುವ ಮಹನೀಯರು, ಮೊದಲು ಅದರ ನೆರಳು ಯಾವ ಕಡೆ ಬೀಳುತ್ತದೆಂದು ಹೇಳಲಿ.