ಹಾರನ್ ಅಂದ್ರ ಇಳಿ ಅಂತಲ್ಲ

ಮೊರಬದ ದವಾಖಾನೆಯ ಆಯಾ ಸಣ್ಣವ್ವ ಸೈಕಲ್ ಕಲಿತದ್ದು ನಲವತ್ತಕ್ಕೆ. ಕಲಿಸಿದವಳು ನರ್ಸು ನಸೀಮಾಬಿ. ದವಾಖಾನೆಯ ಜೀಪು ಮಳೆಗಾಲಕ್ಕೆ ಮೊದಲೇ ಕೆಟ್ಟು ಕೂತಿತ್ತು. ಗುರುವಾರಕ್ಕೊಮ್ಮೆ ನವಲಗುಂದದಿಂದ ಪೋಲಿಯೊ ಹನಿಯ ಡಬ್ಬಿ ತರಲು ಬೇರೆ ಗತಿ ಇರಲಿಲ್ಲ. ಡಬ್ಬಿಯೊಳಗಿನ ಬರ್ಫ ಕರಗುವುದರೊಳಗೆ ಊರು ಮುಟ್ಟಬೇಕು. ಹೇಳಲು ಸುಲಭ.

ತುಳಿಯುವುದು ಅವಳಿಗೆ ಬಂದಿತ್ತು. ಬಾರದೆ ಇದ್ದದ್ದು ಇಳಿಯದೆ ಇರುವುದು. ಹಿಂದೆ ಹಾರನ್ ಆಯಿತೆಂದರೆ ಕಾಲು ತಾನೇ ನೆಲಕ್ಕೆ ಬರುತ್ತಿತ್ತು. ದೊಡ್ಡವರು ಎದುರಾದರೆ ಚಪ್ಪಲಿ ಕೈಯಲ್ಲಿ ಹಿಡಿದು ಬದಿಗೆ ನಿಲ್ಲುವ ಕೇರಿಯಲ್ಲಿ ಬೆಳೆದ ಕಾಲು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಮಂದಿ ಹೇರಿದ್ದು.

ಆ ರಸ್ತೆಯ ನಡುವೆ ಒಂದು ಗಾಡಿ ಹೋಗುವಷ್ಟೇ ಡಾಂಬರು, ಎರಡೂ ಬದಿಗೆ ಎರೆಮಣ್ಣು. ಹೋದ ಗುರುವಾರ ಹನ್ನೊಂದು ಸಲ ಇಳಿದಳು. ಪ್ರತಿ ಸಲವೂ ಗಾಲಿಗೆ ಮೆತ್ತಿದ ಕೆಸರನ್ನು ಕಡ್ಡಿಯಿಂದ ಕೆದರಿಯೇ ಮುಂದೆ ಹೋಗಬೇಕು. ಊರು ಮುಟ್ಟುವಾಗ ಡಬ್ಬಿಯಲ್ಲಿ ಬೆಚ್ಚನೆಯ ನೀರು, ಹನಿ ಕೆಟ್ಟಿತ್ತು. ಕೂಲಿ ಬಿಟ್ಟು ಕೂಸು ಎತ್ತಿಕೊಂಡು ಬಂದ ತಾಯಂದಿರು ಗೊಣಗುತ್ತ ತಿರುಗಿ ಹೋದರು. ಇನ್ನೊಮ್ಮೆ ಹೀಗಾದರೆ ಅವರು ಬರುವುದಿಲ್ಲ. ತನ್ನ ಮಗಳು ರೇವವ್ವ ಯಾಕೆ ಕುಂಟುತ್ತಾಳೆಂದು ಸಣ್ಣವ್ವನಿಗೆ ಗೊತ್ತಿತ್ತು.

"ಹಾರನ್ ಅಂದ್ರ ಇಳಿ ಅಂತಲ್ಲ ಬೇ," ಎಂದಿದ್ದಳು ನಸೀಮಾಬಿ. "ನಾ ಬರಾಕತ್ತೇನಿ ಅಂತ, ಅಷ್ಟ. ಡಾಂಬರದ ಅಂಚಿನಿಂದ ಒಂದ ಗೇಣ ಒಳಗ ನೆಟ್ಟಗ ಹೋಗು. ಹೊಳ್ಳಿ ನೋಡಬ್ಯಾಡ. ನೀ ಹೊಯ್ದಾಡಿದ್ರನ ಧೋಕಾ."

ಈ ಗುರುವಾರ ಬರುವಾಗ ಎದುರುಗಾಳಿ. ಬೆನ್ನು, ಮಂಡಿ, ಅಂಗೈ ಎಲ್ಲ ಸೋತಿದ್ದವು. ಹಿಂದೆ ಹಾರನ್ ಆಯಿತು. ಸದ್ದಿನಿಂದಲೇ ಗೊತ್ತಾಯಿತು, ಶಂಭುಲಿಂಗಪ್ಪನವರ ಟ್ರ್ಯಾಕ್ಟರು. ಅವರ ಹೊಲದಲ್ಲಿಯೇ ಅವಳ ಅವ್ವ ಸಾಯುವ ತನಕ ಕಳೆ ಕಿತ್ತಿದ್ದಳು.

ಇಳಿಯಬೇಕು ಅಂದುಕೊಂಡಳು. ಕಾಲು ಕೇಳಲಿಲ್ಲ. ಧೈರ್ಯವಲ್ಲ, ದಣಿವು, ಇಳಿದರೆ ಮತ್ತೆ ಹತ್ತುವ ಕಸುವು ಇರಲಿಲ್ಲ. ಹ್ಯಾಂಡಲ್ ನೆಟ್ಟಗೆ ಹಿಡಿದು ತುಳಿದಳು. ಮತ್ತೆ ಹಾರನ್, ಇನ್ನೂ ಹತ್ತಿರ. ಆದರೂ ಹೊರಳಿ ನೋಡಲಿಲ್ಲ.

ಟ್ರ್ಯಾಕ್ಟರು ಬಲಗಡೆಯ ಗಾಲಿಗಳನ್ನು ಮಣ್ಣಿಗೆ ಇಳಿಸಿ ಅವಳ ಬಾಜೂಕ್ಕೆ ಬಂತು. ಎರೆಹೊಲದಲ್ಲೇ ದುಡಿಯುವ ಟ್ರ್ಯಾಕ್ಟರಿಗೆ ಅದರಿಂದ ಏನೂ ಆಗಲಿಲ್ಲ. ಇಷ್ಟು ದಿನ ಅದು ಡಾಂಬರಿನ ಮೇಲೆ, ಇವಳು ಕೆಸರಿನಲ್ಲಿ!

"ಏನಬೇ ಸಣ್ಣವ್ವಾ, ಕಿವಿ ಕೇಳಂಗಿಲ್ಲೇನು?" ಮೇಲಿನಿಂದ ಶಂಭುಲಿಂಗಪ್ಪ ಕೂಗಿದರು.

"ಕೇಳ್ತಾವ್ರಿ ಧಣ್ಯಾರ. ಇಳ್ಯಾಕ ಕಾಲಾಗ ಕಸುವಿಲ್ರಿ."

ಅವರು ಏನೋ ಅಂದರು. ಗಾಳಿಗೆ ಕೇಳಿಸಲಿಲ್ಲ. ಟ್ರ್ಯಾಕ್ಟರು ಮುಂದೆ ಹೋಯಿತು.

ದವಾಖಾನೆಯ ಕಟ್ಟೆಯ ಮೇಲೆ ತಾಯಂದಿರು ಕೂತಿದ್ದರು, ಹೋದ ವಾರದ ಅರ್ಧದಷ್ಟು ಮಂದಿ. ನಸೀಮಾಬಿ ಡಬ್ಬಿ ಅಲ್ಲಾಡಿಸಿದಳು. ಒಳಗೆ ಬರ್ಫ ಗಡಗಡ ಅಂದಿತು.

"ದಾರ್‍ಯಾಗ ಎಷ್ಟ ಸಲ ಇಳಿದಿ?"

ಸಣ್ಣವ್ವ ಸೈಕಲ್ಲನ್ನು ಗೋಡೆಗೆ ಆನಿಸಿ ನೆಲಕ್ಕೆ ಕುಸಿದು ಕೂತಳು.

"ಒಂದ ಸಲ," ಅಂದಳು. "ಈಗ, ಇಲ್ಲಿ."